ಕಾರ್ಡಿನ ಪಾಯಿಂಟು: ಸೀಟು ಕಂಡ ಮೇಲೆ ಕಳಿಸಿ

ಸಂಪಾದಕರು ಈ ಸಲ ಓದುಗರ ಎರಡು ಪ್ರಶ್ನೆಗಳನ್ನು ನನ್ನ ಕಡೆಗೆ ಕಳಿಸಿದ್ದಾರೆ. ಒಂದು ಅಕ್ಕಲಕೋಟೆಯ ತಾಯಿಯೊಬ್ಬರು ಅಂಚೆಯಲ್ಲಿ ಬರೆದ ಕಾಗದ. ಯಜಮಾನರಿಗೆ ವಯಸ್ಸು 71, ಹೃದಯದ ಶಸ್ತ್ರಚಿಕಿತ್ಸೆ ಆಗಿದೆ. ಅವರ ಕ್ರೆಡಿಟ್ ಕಾರ್ಡಿನಲ್ಲಿ 1,40,000 ಪಾಯಿಂಟು ಕೂಡಿವೆ. ವಿಮಾನ ಕಂಪನಿಯ ಖಾತೆಗೆ ವರ್ಗ ಮಾಡಿಬಿಟ್ಟರೆ ಭದ್ರವಾಗಿರುತ್ತವೆ ಎಂದು ಮಕ್ಕಳು ಹೇಳುತ್ತಾರಂತೆ, ಹೌದೇ ಎಂದು ಕೇಳಿದ್ದಾರೆ. ಇನ್ನೊಂದು ಜತ್ತದ ತರುಣ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ಬರೆದು ಕಳಿಸಿದ್ದು. ದೀಪಾವಳಿ ರಜೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಸಿಂಗಪುರಕ್ಕೆ ಹೋಗಿಬರುವ ಆಸೆ. ಪಾಯಿಂಟು ಲಕ್ಷದ ಹತ್ತಿರ ಇವೆ. ಈಗಲೇ ಮೈಲು ಮಾಡಿ ಇಟ್ಟುಕೊಳ್ಳಲೇ, ತಡೆಯಲೇ ಎಂಬುದು ಅವರ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಇಂಥ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮುಂಬಯಿಗೆ ಇಳಿದರೆ ಅದೇ ದೊಡ್ಡ ಪ್ರವಾಸ. ಈಗ ಮನೆಗೊಬ್ಬರಂತೆ ದಿಲ್ಲಿ, ದುಬೈ, ಸಿಂಗಪುರ, ಅಮೆರಿಕ ಎಂದು ಹರಡಿಕೊಂಡಿದ್ದಾರೆ. ಮದುವೆಯ ಜವಳಿ, ಆಸ್ಪತ್ರೆಯ ಬಿಲ್ಲು, ಮಕ್ಕಳ ಕಾಲೇಜಿನ ಫೀ ಎಲ್ಲ ಕಾರ್ಡಿನ ಮೇಲೆ ನಡೆಯುತ್ತಿವೆ. ಪಾಯಿಂಟು ತಾನಾಗಿಯೇ ಕೂಡುತ್ತದೆ. ಕೂಡಿದ್ದನ್ನು ಏನು ಮಾಡಬೇಕೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ನಾನು ಮೆಟ್ರಿಕ್‌ವರೆಗೆ ಓದಿದವನು, ಅಡತಿ ಅಂಗಡಿಯಲ್ಲಿ ಕೂತು ಬೆಳೆದವನು. ಈ ವಿಷಯಕ್ಕೆ ಅಷ್ಟು ಲೆಕ್ಕ ಸಾಕು ಎಂದೇ ನನ್ನ ಅನುಭವ.

ಮೊದಲು ಪಾಯಿಂಟು ಮತ್ತು ಮೈಲು ಎರಡು ಬೇರೆ ಎಂಬುದನ್ನು ತಿಳಿಯಬೇಕು. ಪಾಯಿಂಟು ಬ್ಯಾಂಕು ಕೊಡುವುದು. ಮೈಲು ವಿಮಾನ ಕಂಪನಿಯದು. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಗಿರಾಕಿಗಳಿಗಾಗಿ ಆಡ್ವಾಂಟೇಜ್ ಎಂಬ ಯೋಜನೆ ತೆಗೆದಾಗ, ಎಷ್ಟು ಮೈಲು ಹಾರಿದಿರೋ ಅಷ್ಟು ಜಮಾ ಎಂದು ಲೆಕ್ಕ ಇಟ್ಟಿತು. ಹೆಸರು ಅಲ್ಲಿಂದ ಬಂದದ್ದು. ಈಗ ಹಾರದೆಯೇ ಮೈಲು ಸಿಗುತ್ತದೆ, ದೂರಕ್ಕೂ ಅದಕ್ಕೂ ಸಂಬಂಧ ಬಹಳ ಉಳಿದಿಲ್ಲ. ಕೆಲವು ಕಂಪನಿಗಳು ಅದನ್ನೂ ಪಾಯಿಂಟು ಎಂದೇ ಕರೆಯುತ್ತವೆ. ಗೊಂದಲ ಬೇಡವೆಂದು ನಾನು ಬ್ಯಾಂಕಿನದನ್ನು ಪಾಯಿಂಟು, ವಿಮಾನದ್ದನ್ನು ಮೈಲು ಎಂದೇ ಬರೆಯುತ್ತೇನೆ.

ಬ್ಯಾಂಕಿನಲ್ಲಿರುವ ಪಾಯಿಂಟು ನಿಮ್ಮ ಗಲ್ಲೆಯಲ್ಲಿರುವ ರೊಕ್ಕ ಇದ್ದಂತೆ. ಪೇಟೆಯ ಹತ್ತು ಅಂಗಡಿಗಳಲ್ಲಿ ಯಾವುದಕ್ಕೂ ಅದನ್ನು ಒಯ್ಯಬಹುದು. ಮೈಲು ಎಂದರೆ ಒಂದೇ ಅಂಗಡಿಯಲ್ಲಿ ಮುಂಗಡ ಜಮಾ ಮಾಡಿದ ಹಾಗೆ. ಆ ಅಂಗಡಿಯವನು ಮಾಲು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ನಾಳೆ ದರ ಏರಿಸಿದರೆ ಏರಿಸಿದ್ದೇ. ನನ್ನ ರೊಕ್ಕ ತಿರುಗಿ ಕೊಡು ಎಂದರೆ ಕೊಡುವುದಿಲ್ಲ. ಬ್ಯಾಂಕಿನಿಂದ ವಿಮಾನ ಕಂಪನಿಗೆ ಹೋಗುವ ದಾರಿ ಇದೆ, ವಿಮಾನ ಕಂಪನಿಯಿಂದ ಬ್ಯಾಂಕಿಗೆ ಬರುವ ದಾರಿ ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ.

ನಮ್ಮ ಪೇಟೆಯಲ್ಲಿ ತೊಗರಿಬೇಳೆಯ ವ್ಯಾಪಾರಿ ಒಬ್ಬರಿದ್ದಾರೆ. ಹೆಸರು ಬೇಡ. ಮಗಳು ಸಿಂಗಪುರದಲ್ಲಿ. ಚೊಚ್ಚಲ ಬಾಣಂತನ, ಮೇ ತಿಂಗಳಲ್ಲಿ ದಿನ ತುಂಬುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಇಬ್ಬರೂ ಏಪ್ರಿಲ್ ಕೊನೆಗೆ ಹೋಗಬೇಕು. ಕಾರ್ಡಿನಲ್ಲಿ 90,000 ಪಾಯಿಂಟು ಇದ್ದವು. ಜನವರಿಯಲ್ಲಿ ಮಗ ಒಂದು ಜಾಹೀರಾತು ನೋಡಿದ. ಇಂಥ ವಿಮಾನ ಕಂಪನಿಗೆ ಈ ತಿಂಗಳ ಕೊನೆಯೊಳಗೆ ವರ್ಗ ಮಾಡಿದವರಿಗೆ ನೂರಕ್ಕೆ ಇಪ್ಪತ್ತು ಹೆಚ್ಚು. ಅಂದೇ ರಾತ್ರಿ ಎಲ್ಲವನ್ನೂ ಕಳಿಸಿದ. 90,000 ಹೋಗಿ 1,08,000 ಆಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ.

ಮಾರ್ಚಿನಲ್ಲಿ ಸೀಟು ಹುಡುಕಲು ಕೂತಾಗ ಏಪ್ರಿಲ್ ಇಪ್ಪತ್ತರಿಂದ ಮೇ ಹತ್ತರವರೆಗೆ ಆ ಕಂಪನಿಯಲ್ಲಿ ಅಗ್ಗದ ಮೈಲಿನ ಸೀಟು ಒಂದೂ ಇರಲಿಲ್ಲ. ಶಾಲೆಗಳ ರಜೆ. ದುಬಾರಿ ದರದ ಸೀಟು ಇದ್ದವು, ಆದರೆ ಅದಕ್ಕೆ ಹತ್ತಿರ ಹತ್ತಿರ ಇಮ್ಮಡಿ ಮೈಲು ಬೇಕು. ಇದ್ದದ್ದರಲ್ಲಿ ಒಬ್ಬರು ಹೋಗಬಹುದು, ಇಬ್ಬರು ಆಗದು. ಅದೇ ವಾರ ಇನ್ನೊಂದು ಕಂಪನಿಯಲ್ಲಿ ಎರಡು ಸೀಟು ಖಾಲಿ ಕಾಣುತ್ತಿದ್ದವು. ಅವರ ಬ್ಯಾಂಕು ಆ ಕಂಪನಿಗೂ ಪಾಯಿಂಟು ಕಳಿಸುತ್ತಿತ್ತು. ಕಳಿಸಲು ಪಾಯಿಂಟು ಎಲ್ಲಿವೆ? ಮಗ ಬ್ಯಾಂಕಿಗೆ ಫೋನು ಮಾಡಿದ, ವಿಮಾನ ಕಂಪನಿಗೆ ಫೋನು ಮಾಡಿದ. ಇಬ್ಬರೂ ನಮ್ರವಾಗಿಯೇ ಇಲ್ಲ ಎಂದರು. ಕೊನೆಗೆ ನಗದು ಕೊಟ್ಟು ಟಿಕೆಟು ತೆಗೆದರು. ಮಗಳ ಬಾಣಂತನ ಸುಖವಾಗಿ ಆಯಿತು, ಅದು ಮುಖ್ಯ. ಮೈಲು ಮಾತ್ರ ಹಾಗೇ ಬಿದ್ದಿವೆ.

ಅವರು ನನ್ನ ಅಂಗಡಿಗೆ ಬಂದು ಕೂತು ಹೇಳಿದ ಮಾತು ಇದು: “ಅಣ್ಣಾರ, ರೊಕ್ಕ ಹೋಗಿಲ್ಲ ನೋಡ್ರಿ. ಆದರ ರೊಕ್ಕ ಇದ್ದಂಗೂ ಇಲ್ಲ.”

“ಅವಸರ ಯಾಕ ಮಾಡಿದಿರಿ?” ಎಂದೆ.

“ನೂರಕ್ಕ ಇಪ್ಪತ್ತು ಯಾರು ಬಿಟ್ಟಿ ಕೊಡ್ತಾರ ಅಂತ ಹುಡುಗ ಅಂದ. ನನಗೂ ಖರೇ ಅನಸ್ತು.”

ಬೇಳೆಯ ವ್ಯಾಪಾರದಲ್ಲಿ ಇದೇ ಮನುಷ್ಯರು ಬಹಳ ಗಟ್ಟಿ. ಗಿರಾಕಿ ಇಲ್ಲದ ಮಾಲನ್ನು ನೂರಕ್ಕೆ ಇಪ್ಪತ್ತು ಕಡಿಮೆಗೆ ಕೊಡುತ್ತೇನೆ ಎಂದರೂ ಮುಟ್ಟುವವರಲ್ಲ. ಗೋದಾಮಿನ ಬಾಡಿಗೆ, ಹುಳ, ದರದ ಇಳಿತ ಎಲ್ಲ ಲೆಕ್ಕ ಹಾಕುವವರು. ಕಾರ್ಡಿನ ಪಾಯಿಂಟು ಎಂದ ಕೂಡಲೇ ಬಿಟ್ಟಿ ಬಂದದ್ದು ಎಂಬ ಭಾವನೆ ಬಂದು, ಲೆಕ್ಕ ಕೈಬಿಟ್ಟುಹೋಗುತ್ತದೆ. ಪಾಯಿಂಟು ಬಿಟ್ಟಿ ಅಲ್ಲ ಬಂಧುಗಳೇ. ಅದಕ್ಕೆ ಬೆಲೆ ಇದೆ, ಆ ಬೆಲೆ ರೂಪಾಯಿ ಪೈಸೆಯಲ್ಲಿ ಹೇಳುವಂಥದ್ದು.

ಎಚ್‌ಡಿಎಫ್‌ಸಿ ಬ್ಯಾಂಕಿನ ಇನ್ಫಿನಿಯಾ ಕಾರ್ಡನ್ನೇ ನೋಡಿ. 150 ರೂಪಾಯಿ ಖರ್ಚಿಗೆ 5 ಪಾಯಿಂಟು ಎಂಬುದು ಅದು ಇಷ್ಟು ವರ್ಷ ನಡೆಸಿಕೊಂಡು ಬಂದ ಲೆಕ್ಕ. ಅದೇ ಪಾಯಿಂಟನ್ನು ಬ್ಯಾಂಕಿನ ಸ್ಮಾರ್ಟ್‌ಬೈ ತಾಣದಲ್ಲಿ ವಿಮಾನ ಅಥವಾ ಹೋಟೆಲಿಗೆ ಬಳಸಿದರೆ ಒಂದಕ್ಕೆ 1 ರೂಪಾಯಿ, ಬಿಲ್ಲಿಗೆ ನಗದಾಗಿ ಜಮಾ ಮಾಡಿಸಿದರೆ 30 ಪೈಸೆ. ಮಾಲು ಒಂದೇ, ಮಾರುವ ಕಿಟಕಿ ಬೇರೆ. ನಿಮ್ಮ ಕಾರ್ಡು ಯಾವುದೇ ಇರಲಿ, ವರ್ಗ ಮಾಡದೆ ಬ್ಯಾಂಕಿನಲ್ಲೇ ಬಳಸಿದರೆ ಒಂದು ಪಾಯಿಂಟಿಗೆ ಹೆಚ್ಚೆಂದರೆ ಎಷ್ಟು ಸಿಗುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಅದು ನಿಮ್ಮ ಅಸಲು ದರ. ವಿಮಾನ ಕಂಪನಿಗೆ ಕಳಿಸಿ ಅದಕ್ಕಿಂತ ಹೆಚ್ಚು ಬಂದರೆ ಕಳಿಸಬೇಕು, ಬಾರದಿದ್ದರೆ ಕಳಿಸುವ ಕೆಲಸವೇ ಇಲ್ಲ.

ಹೆಚ್ಚು ಬರುತ್ತದೋ ಇಲ್ಲವೋ ಎಂದು ತಿಳಿಯುವ ಬಗೆ ಹೀಗೆ. ಲೆಕ್ಕಕ್ಕಾಗಿ ಒಂದು ಟಿಕೆಟಿನ ನಗದು ದರ 62,000 ರೂಪಾಯಿ ಇದೆ ಎಂದುಕೊಳ್ಳಿ. ಅದೇ ಸೀಟನ್ನು ಕಂಪನಿ 30,000 ಮೈಲಿಗೆ ಕೊಡುತ್ತದೆ. ಆದರೆ ಮೈಲಿನ ಟಿಕೆಟು ಪೂರ್ತಿ ಪುಕ್ಕಟೆ ಅಲ್ಲ, ತೆರಿಗೆ ಮತ್ತು ಇತರ ಶುಲ್ಕ ನಗದಾಗಿ ಕೊಡಬೇಕು. ಅದು 8,000 ಎಂದಿಟ್ಟುಕೊಳ್ಳೋಣ. 62,000ದಲ್ಲಿ 8,000 ಕಳೆದರೆ 54,000. ಇದನ್ನು 30,000ದಿಂದ ಭಾಗಿಸಿದರೆ ಒಂದು ಮೈಲಿಗೆ 1 ರೂಪಾಯಿ 80 ಪೈಸೆ. ನಿಮ್ಮ ಬ್ಯಾಂಕು ಒಂದು ಪಾಯಿಂಟಿಗೆ ಒಂದು ಮೈಲು ಕೊಡುತ್ತಿದ್ದರೆ, ಅಸಲು ದರ 1 ರೂಪಾಯಿ ಆದಲ್ಲಿ 80 ಪೈಸೆ ಲಾಭ. ಕಳಿಸಬಹುದು.

ಎಲ್ಲ ಬ್ಯಾಂಕೂ ಒಂದಕ್ಕೊಂದು ಕೊಡುವುದಿಲ್ಲ. 5 ಪಾಯಿಂಟಿಗೆ 4 ಮೈಲು ಕೊಡುವ ಕಾರ್ಡಾದರೆ ಅದೇ ಟಿಕೆಟಿಗೆ 37,500 ಪಾಯಿಂಟು ಬೇಕು, ಒಂದು ಪಾಯಿಂಟಿಗೆ ಬಂದದ್ದು 1 ರೂಪಾಯಿ 44 ಪೈಸೆ. 5 ಪಾಯಿಂಟಿಗೆ 2 ಮೈಲು ಕೊಡುವ ಕಾರ್ಡಾದರೆ 75,000 ಪಾಯಿಂಟು ಬೇಕು, ಬಂದದ್ದು 72 ಪೈಸೆ ಮಾತ್ರ. ಸೀಟು ಅದೇ, ವಿಮಾನ ಅದೇ. ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ಅಸಲಿಗೂ ಖೋತಾ. ಆದ್ದರಿಂದ ಪಕ್ಕದ ಅಂಗಡಿಯವರು ಕಳಿಸಿದರು ಎಂದು ನೀವೂ ಕಳಿಸಬಾರದು.

ಈ ಲೆಕ್ಕದಲ್ಲಿ ತರುಣರು ಒಂದು ಆಟ ಆಡುತ್ತಾರೆ. ಬಿಸಿನೆಸ್ ಕ್ಲಾಸಿನ ಎರಡು ಲಕ್ಷದ ಸೀಟನ್ನು ಮೈಲಿನಿಂದ ತೆಗೆದು, ಒಂದು ಪಾಯಿಂಟಿಗೆ ಮೂರು ರೂಪಾಯಿ ಬಂತು ಎಂದು ಮೀಸೆ ತಿರುವುತ್ತಾರೆ. ಆ ಸೀಟಿಗೆ ನೀವು ಕೈಯಿಂದ ಎರಡು ಲಕ್ಷ ಕೊಡುತ್ತಿದ್ದಿರಾ? ಇಲ್ಲವಾದರೆ ಆ ಮೂರು ರೂಪಾಯಿ ಕಾಗದದ ಮೇಲಿನದು. ನೀವು ನಿಜವಾಗಿ ಕೊಡುತ್ತಿದ್ದ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮೊಣಕಾಲು ನೋವಿನ ಹಿರಿಯರಿಗೆ ಕಾಲು ಚಾಚಿ ಮಲಗುವ ಸೀಟು ಬೇಕೆಂದರೆ ಅದು ಬೇರೆ ಮಾತು. ಆಗ ಲೆಕ್ಕದ ವಹಿ ಮುಚ್ಚಿಡಿ, ತೆಗೆಯಿರಿ.

ಇನ್ನು ಕ್ರಮ. ಮೊದಲು ಹೋಗುವ ದಿನ, ಆಮೇಲೆ ಸೀಟು, ಆಮೇಲೆ ಮೇಲಿನ ಲೆಕ್ಕ, ಕೊನೆಗೆ ವರ್ಗ. ಹೆಚ್ಚಿನವರು ಮಾಡುವುದು ಇದರ ಉಲ್ಟಾ. ಸೀಟು ನೋಡಲು ಮೈಲು ಇರಬೇಕೆಂದಿಲ್ಲ. ವಿಮಾನ ಕಂಪನಿಯಲ್ಲಿ ಪುಕ್ಕಟೆಯಾಗಿ ಖಾತೆ ತೆರೆದು, ಮೈಲಿನಿಂದ ಟಿಕೆಟು ಎಂಬ ಕಡೆ ಒತ್ತಿ ದಿನ ಹಾಕಿದರೆ ಇದೆಯೋ ಇಲ್ಲವೋ ತೋರಿಸುತ್ತದೆ. ಸಿಂಗಪುರ ಏರ್‌ಲೈನ್ಸ್‌ನಂಥವರು ಸುಮಾರು 355 ದಿನ ಮೊದಲೇ ಸೀಟು ತೆರೆಯುತ್ತಾರೆ. ದೀಪಾವಳಿ, ಮೇ ರಜೆ, ಡಿಸೆಂಬರ್ ಕೊನೆ, ಇವುಗಳ ಅಗ್ಗದ ಸೀಟು ಬಹಳ ಮೊದಲೇ ಹೋಗುತ್ತವೆ. ಒಂದೇ ಕಂಪನಿ ನೋಡಿ ನಿಲ್ಲಬೇಡಿ. ನಿಮ್ಮ ಬ್ಯಾಂಕು ಯಾರು ಯಾರಿಗೆ ಕಳಿಸುತ್ತದೆ ಎಂಬ ಪಟ್ಟಿ ಇಟ್ಟುಕೊಂಡು ಎಲ್ಲ ಕಡೆ ನೋಡಿ. ಆ ಸ್ವಾತಂತ್ರ್ಯ ಇರುವುದು ಪಾಯಿಂಟು ಬ್ಯಾಂಕಿನಲ್ಲಿ ಇರುವ ತನಕ ಮಾತ್ರ.

ಇಲ್ಲಿ ಒಂದು ತೊಡಕು ಇದೆ, ಅದನ್ನು ಮುಚ್ಚಿಡುವುದಿಲ್ಲ. ಕೆಲವು ಕಡೆ ಪಾಯಿಂಟು ಕಳಿಸಿದ ಕ್ಷಣದಲ್ಲೇ ಮುಟ್ಟುತ್ತದೆ, ಕೆಲವು ಕಡೆ ಎರಡು ಮೂರು ದಿನ, ಇನ್ನೂ ಹೆಚ್ಚೂ ಆಗಬಹುದು. ಅಷ್ಟರಲ್ಲಿ ಕಂಡ ಸೀಟನ್ನು ಬೇರೆಯವರು ಎತ್ತಿಕೊಂಡು ಹೋಗಬಹುದು. ಇದಕ್ಕೆ ಪೂರ್ತಿ ಮದ್ದಿಲ್ಲ. ಆದರೆ ಅಪಾಯ ಕಡಿಮೆ ಮಾಡಬಹುದು. ಒಂದೇ ದಿನದ ಒಂದೇ ವಿಮಾನದ ಕೊನೆಯ ಸೀಟು ನೆಚ್ಚಿ ಕಳಿಸಬೇಡಿ. ಹಿಂದು ಮುಂದಿನ ದಿನಗಳಲ್ಲೂ ಸೀಟು ಇದ್ದರೆ ಕಳಿಸಿ. ಬ್ಯಾಂಕಿನ ಖಾತೆಗೂ ವಿಮಾನದ ಖಾತೆಗೂ ಜೋಡಣೆ ಮಾಡುವ ಕೆಲಸವನ್ನು ತಿಂಗಳುಗಳ ಮೊದಲೇ ಮುಗಿಸಿ. ಬೇಕಾದರೆ ಬ್ಯಾಂಕು ಒಪ್ಪುವ ಕನಿಷ್ಠ ಪಾಯಿಂಟು ಒಮ್ಮೆ ಕಳಿಸಿ, ಎಷ್ಟು ಹೊತ್ತಿಗೆ ಮುಟ್ಟಿತು, ಸರಿಯಾದ ಖಾತೆಗೇ ಮುಟ್ಟಿತೇ ನೋಡಿ. ಹೊಸ ಊರಿನ ಅಡತಿಗೆ ಮೊದಲ ಸಲ ನಾವು ಲಾರಿಗಟ್ಟಲೆ ಮಾಲು ಕಳಿಸುತ್ತೇವೆಯೇ?

ಮೈಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಅಗ್ಗದ ನಗದು ಟಿಕೆಟನ್ನು ರದ್ದು ಮಾಡಿದರೆ ಕೈಗೆ ಬರುವುದು ಅಲ್ಪ. ಮೈಲಿನ ಟಿಕೆಟನ್ನು ಬಹಳಷ್ಟು ಕಂಪನಿಗಳಲ್ಲಿ ಒಂದು ಗೊತ್ತಾದ ದಂಡ ಕೊಟ್ಟು ರದ್ದು ಮಾಡಬಹುದು, ಮೈಲು ಖಾತೆಗೆ ಮರಳುತ್ತವೆ. ಬ್ಯಾಂಕಿಗಲ್ಲ, ವಿಮಾನದ ಖಾತೆಗೆ. ಹೆರಿಗೆ, ಕಾಯಿಲೆ, ಮದುವೆಯ ಮುಹೂರ್ತ ಹೀಗೆ ದಿನ ಹಿಂದುಮುಂದಾಗುವ ಪ್ರವಾಸಗಳಿಗೆ ಇದು ಒಳ್ಳೆಯ ಅನುಕೂಲ.

ಮೈಲುಗಳನ್ನು ಕೂಡಿಟ್ಟುಕೊಂಡು ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕಷ್ಟು ಉದಾಹರಣೆ ಇವೆ. ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತವು. ಕಿಂಗ್ ಕ್ಲಬ್ ಖಾತೆಯಲ್ಲಿ ಮೈಲು ಕೂಡಿಸಿದವರಿಗೆ ಹಾರಲು ವಿಮಾನವೇ ಉಳಿಯಲಿಲ್ಲ. 1993ರಲ್ಲಿ ಹಾರಾಟ ಶುರು ಮಾಡಿ ದೇಶದ ದೊಡ್ಡ ಕಂಪನಿಗಳಲ್ಲೊಂದಾಗಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದರ ಜೆಟ್‌ಪ್ರಿವಿಲೇಜ್ ಯೋಜನೆ ಆ ವರ್ಷವೇ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿ ಮುಂದುವರಿಯಿತು, ಮೈಲುಗಳು ಪೂರ್ತಿ ಮಾಯವಾಗಲಿಲ್ಲ. ಆದರೆ ಯಾವ ವಿಮಾನದ ಸೀಟಿಗಾಗಿ ಜನ ಕೂಡಿಸಿದ್ದರೋ ಆ ವಿಮಾನವೇ ಇಲ್ಲವಾಯಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಕ್ಲಬ್ ವಿಸ್ತಾರದ ಪಾಯಿಂಟುಗಳು ಒಂದಕ್ಕೊಂದರಂತೆ ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿಗೆ ಹೋದವು. ಅಲ್ಲಿ ಗಿರಾಕಿಯ ಜಮೆ ಉಳಿಯಿತು, ಅಂಗಡಿಯ ನಿಯಮ ಬೇರೆಯಾಯಿತು. ಈ ಮೂರೂ ಸಲ, ಪಾಯಿಂಟನ್ನು ಬ್ಯಾಂಕಿನಲ್ಲೇ ಇಟ್ಟುಕೊಂಡವರು ನಿಶ್ಚಿಂತರಾಗಿದ್ದರು.

ಕಂಪನಿ ಮುಳುಗದಿದ್ದರೂ ದರ ಮುಳುಗಿಸುತ್ತದೆ. ಹೋಟೆಲುಗಳ ಪೈಕಿ ಮ್ಯಾರಿಯಟ್ ಮೊದಲು ಯಾವ ವರ್ಗದ ಹೋಟೆಲಿಗೆ ಎಷ್ಟು ಪಾಯಿಂಟು ಎಂದು ಪಟ್ಟಿ ಇಟ್ಟಿತ್ತು. 2022ರ ಮಾರ್ಚಿನಲ್ಲಿ ಆ ಪಟ್ಟಿ ತೆಗೆದುಹಾಕಿತು. ಅಲ್ಲಿಂದ ಮುಂದೆ ದಿನದ ಪೇಟೆ ದರದಂತೆ ಪಾಯಿಂಟು ಏರುತ್ತದೆ, ಇಳಿಯುತ್ತದೆ. ಅಕೋರ್ ಎಂಬ ಫ್ರೆಂಚ್ ಹೋಟೆಲ್ ಸಮೂಹದ್ದು ಬೇರೆ ರೀತಿ. 2,000 ಪಾಯಿಂಟಿಗೆ 40 ಯೂರೋ ಎಂದು ಬೆಲೆ ಬರೆದೇ ಇಟ್ಟಿದ್ದಾರೆ, ಮೊತ್ತ ಬರೆದ ಹುಂಡಿಯಂತೆ. ಸೀಟು ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆ ಅಲ್ಲಿ ಕಡಿಮೆ. ನನಗೆ ಹೋಟೆಲಿನ ಪಾಯಿಂಟಿನ ಮೇಲೆ ಅಷ್ಟು ಮೋಹ ಇಲ್ಲ. ನಮ್ಮವರು ಎಲ್ಲಿ ಹೋದರೂ ನೆಂಟರ ಮನೆ ಇಲ್ಲವೆ ಧರ್ಮಶಾಲೆ ಹುಡುಕುವವರು. ಆದರೂ ಗೊತ್ತಿರಲಿ ಎಂದು ಬರೆದೆ.

ಹಾಗಾದರೆ ಪಾಯಿಂಟನ್ನು ಬ್ಯಾಂಕಿನಲ್ಲಿ ಎಷ್ಟು ವರ್ಷವಾದರೂ ಇಡಬಹುದೇ ಎಂದರೆ, ಅದೂ ಅಲ್ಲ. ಬ್ಯಾಂಕು ಕೂಡ ದರ ಬದಲಿಸುತ್ತದೆ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ 5 ಪಾಯಿಂಟಿಗೆ 4 ಮೈಲು ಸಿಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ ಅದು 5ಕ್ಕೆ 2 ಆಯಿತು. ಮೇಲೆ ನಾನು ತೋರಿಸಿದ ಲೆಕ್ಕ ಗಾಳಿಯಲ್ಲಿ ಹೇಳಿದ್ದಲ್ಲ. 1 ರೂಪಾಯಿ 44 ಪೈಸೆ ಇದ್ದದ್ದು ಒಂದೇ ರಾತ್ರಿಯಲ್ಲಿ 72 ಪೈಸೆ ಆಗುವುದು ಹೀಗೆ. ಬ್ಯಾಂಕು ಮೊದಲೇ ಸೂಚನೆ ಕೊಟ್ಟಿತ್ತು. ಆ ಸೂಚನೆ ಓದಿ ಆಗಸ್ಟಿನಲ್ಲೇ ವರ್ಗ ಮಾಡಿದವರು ಹಳೆಯ ದರದಲ್ಲಿ ಮೈಲು ಪಡೆದರು. ಬ್ಯಾಂಕಿನಿಂದ ಬರುವ ಮೇಲುಗಳನ್ನು ಓದದೆ ಅಳಿಸುವ ಚಾಳಿ ಇರುವವರು ಇದನ್ನು ಗಮನಿಸಬೇಕು.

ಆದ್ದರಿಂದ ಸೀಟು ಕಾಣದೆಯೂ ಮೊದಲೇ ವರ್ಗ ಮಾಡುವುದು ಸರಿ ಎನ್ನುವ ಸಂದರ್ಭಗಳು ಕೆಲವು ಉಂಟು. ವರ್ಗಾವಣೆಯ ದರ ಇಂಥ ದಿನದಿಂದ ಇಳಿಯುತ್ತದೆ ಎಂದು ಬ್ಯಾಂಕೇ ಬರೆದು ತಿಳಿಸಿದಾಗ. ಪಾಯಿಂಟಿನ ವಾಯಿದೆ ಮುಗಿಯಲು ಬಂದಾಗ, ಇಲ್ಲವೆ ಕಾರ್ಡನ್ನು ನೀವೇ ಮುಚ್ಚುವಾಗ. ಕೆಲವು ಕಾರ್ಡುಗಳಲ್ಲಿ ವರ್ಷಕ್ಕೆ ಇಷ್ಟು ಪಾಯಿಂಟು ಮಾತ್ರ ವರ್ಗ ಮಾಡಬಹುದೆಂಬ ಮಿತಿ ಇದೆ. ದೊಡ್ಡ ಕುಟುಂಬದ ಪ್ರವಾಸವಿದ್ದರೆ ಈ ವರ್ಷದ ಪಾಲು ಈ ವರ್ಷ, ಮುಂದಿನದು ಮುಂದಿನ ವರ್ಷ ಎಂದು ಮಾಡಬೇಕಾಗುತ್ತದೆ. ಹೆಚ್ಚುವರಿ ಬೋನಸ್ಸಿನ ಜಾಹೀರಾತು ಈ ಸಾಲಿಗೆ ತಾನಾಗಿ ಸೇರುವುದಿಲ್ಲ. ಆ ಕಂಪನಿಯಲ್ಲಿ ನೀವು ವರ್ಷ ವರ್ಷವೂ ಹಾರುವವರಾದರೆ ಸೇರುತ್ತದೆ, ಇಲ್ಲದಿದ್ದರೆ ಇಲ್ಲ.

ಹೀಗೆ ಮೊದಲೇ ಕಳಿಸುವಾಗ ಎಲ್ಲಿಗೆ ಕಳಿಸುತ್ತೇವೆ ಎಂಬುದನ್ನು ನೋಡಬೇಕು. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳಿಗೆ ಮೂರು ವರ್ಷದ ಆಯುಷ್ಯ, ಬಳಸಿದರೂ ಬಳಸದಿದ್ದರೂ ಅಷ್ಟೇ. ಮ್ಯಾರಿಯಟ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಯಾವ ವ್ಯವಹಾರವೂ ಇಲ್ಲದಿದ್ದರೆ ಪಾಯಿಂಟು ಹೋಗುತ್ತವೆ. ವರ್ಗ ಮಾಡಿದ ದಿನದಿಂದ ಹೊಸ ಗಡಿಯಾರ ಶುರುವಾಗುತ್ತದೆ ಎಂದು ತಿಳಿಯಿರಿ. ನಾಳೆ ತೀರುವ ಪಾಯಿಂಟಿಗೆ ಅದು ಲಾಭ, ಬ್ಯಾಂಕಿನಲ್ಲಿ ಇನ್ನೂ ಎರಡು ವರ್ಷ ಬಾಳುವ ಪಾಯಿಂಟಿಗೆ ಹೇಳುವಂಥ ಲಾಭವೇನಿಲ್ಲ. ಇಂಡಿಗೋ ಕೂಡ 2024ರಲ್ಲಿ ಬ್ಲೂಚಿಪ್ ಎಂಬ ತನ್ನ ಲೆಕ್ಕ ಶುರು ಮಾಡಿದೆ. ಒಳನಾಡಿನಲ್ಲಿ ಹೆಚ್ಚು ಓಡಾಡುವವರು ಅದರ ಕರಾರನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ವ್ಯಾಪಾರಸ್ಥರಿಗೆ ಬೇರೆಯಾಗಿ ಎರಡು ಮಾತು. ಪಾಯಿಂಟಿನ ಆಸೆಗೆ ಅಂಗಡಿಯ ಖರೀದಿಯನ್ನು ಸ್ವಂತದ ಕಾರ್ಡಿನ ಮೇಲೆ ಹಾಕುವ ರೂಢಿ ನಮ್ಮಲ್ಲಿ ಬೆಳೆಯುತ್ತಿದೆ. ಸ್ವಂತದ ಕಾರ್ಡು ಸ್ವಂತದ ಖರ್ಚಿಗೆ ಮಾತ್ರ, ವ್ಯಾಪಾರಕ್ಕಲ್ಲ ಎಂದು ಬ್ಯಾಂಕುಗಳ ಕರಾರಿನಲ್ಲಿ ಬರೆದಿರುತ್ತದೆ. ಅದನ್ನು ಮುಂದೆ ಮಾಡಿ ಪಾಯಿಂಟು ತಡೆಹಿಡಿಯುವ ಅಧಿಕಾರ ಅವರಿಗಿದೆ. ಜೊತೆಗೆ ಮಾಲು ಕೊಡುವವನು ಕಾರ್ಡು ತೆಗೆದುಕೊಳ್ಳಲು ನೂರಕ್ಕೆ ಎರಡು ಹೆಚ್ಚು ಕೇಳಿದರೆ, ಬರುವ ಪಾಯಿಂಟಿನ ಬಹುಭಾಗ ಅಲ್ಲೇ ತೀರಿತು. ಎರಡನೆಯದು ಬಡ್ಡಿ. ಕಾರ್ಡಿನ ಬಾಕಿ ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ ಮೂರೂವರೆಯ ಮೇಲೆ, ವರ್ಷಕ್ಕೆ ನಲವತ್ತು ದಾಟುತ್ತದೆ. ಅಂಥ ಬಡ್ಡಿ ಕಟ್ಟುತ್ತ ಮೈಲು ಎಣಿಸುವವರಿಗೆ ಈ ಅಂಕಣದಿಂದ ಉಪಯೋಗವಿಲ್ಲ, ಅವರು ಮೊದಲು ಬಾಕಿ ತೀರಿಸಲಿ.

“ನಿಮ್ಮ ಪಾಯಿಂಟು ಇಂದು ರಾತ್ರಿ ಮುಗಿಯುತ್ತವೆ, ಇಲ್ಲಿ ಒತ್ತಿ” ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ಮುಟ್ಟಲೇಬೇಡಿ. ಕಾರ್ಡಿನ ಸಂಖ್ಯೆ, ಓಟಿಪಿ ಕೇಳಿದರೆ ಅದು ಮೋಸವೇ. ಬ್ಯಾಂಕಿನ ಸ್ವಂತ ಆ್ಯಪಿನಲ್ಲಿ ಹೋಗಿ ನೋಡಿದರೆ ನಿಜ ತಿಳಿಯುತ್ತದೆ.

ಈಗ ಕೇಳಿದವರಿಗೆ ಉತ್ತರ. ಅಕ್ಕಲಕೋಟೆಯ ತಾಯಿಯವರೇ, ವರ್ಗ ಮಾಡುವುದರಿಂದ ಭದ್ರತೆ ಬರುವುದಿಲ್ಲ. ವಿಮಾನದ ಖಾತೆಯೂ ಯಜಮಾನರ ಹೆಸರಿನಲ್ಲೇ ಇರಬೇಕು, ಮಕ್ಕಳ ಖಾತೆಗೆ ಬ್ಯಾಂಕು ಸಾಮಾನ್ಯವಾಗಿ ಕಳಿಸುವುದಿಲ್ಲ. ಬಹಳಷ್ಟು ಕಂಪನಿಗಳ ಕರಾರಿನಲ್ಲಿ ಮೈಲು ವಾರಸುದಾರರಿಗೆ ಹೋಗುವ ಆಸ್ತಿಯಲ್ಲ, ಬ್ಯಾಂಕಿನ ಪಾಯಿಂಟಿನದೂ ಹೆಚ್ಚಾಗಿ ಇದೇ ಕಥೆ. ಅವರು ನೂರು ವರ್ಷ ಬಾಳಲಿ. ಆದರೆ ಪಾಯಿಂಟು ನಾಳೆಗೆಂದು ಇಡುವ ಸಾಮಾನಲ್ಲ, ಇಡಬೇಡಿ. ಒಬ್ಬ ಮಗ ದಿಲ್ಲಿಯಲ್ಲಿ ಇದ್ದಾನೆ, ರಜೆ ಸಿಗುವುದಿಲ್ಲ, ಟಿಕೆಟು ದುಬಾರಿ ಎಂದು ವರ್ಷಕ್ಕೊಮ್ಮೆ ಬರುತ್ತಾನೆ ಎಂದು ಬರೆದಿದ್ದೀರಿ. ನಿಮ್ಮ ಬ್ಯಾಂಕಿನ ತಾಣದಲ್ಲಿ ಈ ಪಾಯಿಂಟಿನಿಂದ ಅವನಿಗೆ ಪುಣೆಗೋ ಹೈದರಾಬಾದಿಗೋ ಬಂದುಹೋಗುವ ಟಿಕೆಟು ತೆಗೆಸಿ, ಒಂದಲ್ಲ, ನಾಲ್ಕೈದು ಸಲ. ತಂದೆಯ ಪಾಯಿಂಟು ತಂದೆಯನ್ನು ನೋಡಲು ಬರುವುದಕ್ಕೇ ಖರ್ಚಾಗಲಿ. ಒಂದು ಪಾಯಿಂಟಿಗೆ ಮೂರು ರೂಪಾಯಿ ಬಂತೋ ಒಂದೇ ಬಂತೋ ಎಂದು ಅಲ್ಲಿ ನೋಡುವ ಕಾರಣ ನನಗೆ ಕಾಣುವುದಿಲ್ಲ.

ಜತ್ತದ ತಮ್ಮನವರೇ, ನೀವು ಇವತ್ತೇ ಸೀಟು ನೋಡಲು ಶುರು ಮಾಡಿ, ಪಾಯಿಂಟು ಮುಟ್ಟಬೇಡಿ. ನಾಲ್ಕು ಸೀಟು ಒಂದೇ ವಿಮಾನದಲ್ಲಿ ದೀಪಾವಳಿಗೆ ಸಿಗುವುದು ಕಷ್ಟ. ದೀಪಾವಳಿ ಮುಗಿದ ವಾರ ಹೋಗಲು ಮಕ್ಕಳ ಶಾಲೆ ಒಪ್ಪುತ್ತದೆಯೇ ಕೇಳಿ. ನಾಲ್ಕು ಸಿಗದೆ ಎರಡೇ ಸಿಕ್ಕರೆ ಎರಡು ಮೈಲಿನಿಂದ, ಎರಡು ನಗದಿನಿಂದ ತೆಗೆಯಬಹುದು. ಎರಡೂ ಟಿಕೆಟು ಒಂದೇ ವಿಮಾನದ್ದಾಗಿರಲಿ, ಒಂದೊಂದರಲ್ಲಿ ಒಬ್ಬ ದೊಡ್ಡವರು ಇರಲಿ. ಕ್ರಿಸ್‌ಫ್ಲೈಯರ್‌ನಲ್ಲಿ ನಿಮ್ಮ ಮೈಲಿನಿಂದ ಬೇರೆಯವರಿಗೆ ಟಿಕೆಟು ತೆಗೆಯಬೇಕಾದರೆ ಅವರ ಹೆಸರು ಮೊದಲೇ ನಾಮನಿರ್ದೇಶನ ಮಾಡಿರಬೇಕು, ಐದು ಜನರವರೆಗೆ ಅವಕಾಶವಿದೆ. ಹೆಂಡತಿ ಮಕ್ಕಳ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಡ್ಡಹೆಸರೂ ಸೇರಿ, ಈಗಲೇ ಬರೆಸಿ. ನಮ್ಮಲ್ಲಿ ಒಂದು ಕಾಗದದಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ತಂದೆಯ ಹೆಸರು ಇರುತ್ತದೆ. ಗಡಿಯೂರಿನವರಿಗೆ ಕನ್ನಡದಲ್ಲಿ ಒಂದು ಕಾಗುಣಿತ, ಮರಾಠಿಯಲ್ಲಿ ಇನ್ನೊಂದು. ಟಿಕೆಟಿನ ಹೊತ್ತಿಗೆ ಇದೇ ದೊಡ್ಡ ತಲೆನೋವು. ಸೀಟು ಕಂಡು, ಲೆಕ್ಕ ಸರಿಹೋಗಿ, ವರ್ಗ ಮಾಡಿ, ಟಿಕೆಟು ಕೈಗೆ ಬಂದ ದಿನವೇ ಊಟದ ಜಾಗದಲ್ಲಿ ಜೈನ ಊಟ ಎಂದು ಗುರುತು ಹಾಕಿ. ಕಂಪನಿಗಳ ಭಾಷೆಯಲ್ಲಿ ಅದಕ್ಕೆ ವಿ.ಜೆ.ಎಂ.ಎಲ್. ಎನ್ನುತ್ತಾರೆ. ಮೈಲಿನ ಟಿಕೆಟಿಗೂ ಕೊಡುತ್ತಾರೆ, ಆದರೆ ಹೊರಡುವ ದಿನ ಕೇಳಿದರೆ ಸಿಗುವುದಿಲ್ಲ.

ಹೆಂಡತಿಯ ಹೆಸರಿಗೆ ತೆಗೆದ ಜೊತೆ ಕಾರ್ಡಿನ ಖರ್ಚು ಆದಾಯ ತೆರಿಗೆಯವರಿಗೆ ಯಾರ ಲೆಕ್ಕದಲ್ಲಿ ಕಾಣುತ್ತದೆ ಎಂದೂ ಕೇಳಿದ್ದೀರಿ. ಅದು ದೊಡ್ಡ ವಿಷಯ, ಮುಂದಿನ ತಿಂಗಳು ಬರೆಯುತ್ತೇನೆ.